ಸೈಕಲ್ ತೊಳೆದವಳ ಸಾಕ್ಷಿ

ನನ್ನ ಮಗಳ ಮಗಳು ರೇಷ್ಮಾ ಬಳ್ಳಾರಿಯ ಕಾಲೇಜೊಂದರಲ್ಲಿ ಅಪರಾಧಶಾಸ್ತ್ರ ಓದುತ್ತಾಳೆ. ಓದುವುದು ಎಂದರೆ ಮುಕ್ಕಾಲು ಪಾಲು ಮೊಬೈಲಿನಲ್ಲಿ. ಯಾವುದೋ ದೇಶದ ಮೇಷ್ಟ್ರು ಪಾಠ ಹೇಳುತ್ತಾರೆ, ಕೆಳಗೆ ಅಕ್ಷರ ಓಡುತ್ತವೆ. ನಮ್ಮ ದೇಶದವರ ಪಾಠಗಳೂ ಇವೆ, ಅವೂ ಪುಕ್ಕಟೆ. ಕಾನೂನಿನ ಕಲಮು, ಕೋರ್ಟಿನ ತೀರ್ಪು, ಜೈಲಿನಲ್ಲಿ ಎಷ್ಟು ಜನ ಇದ್ದಾರೆ ಎಂಬ ಪಟ್ಟಿ, ಎಲ್ಲ ಅಂಗೈಯಲ್ಲೇ ಬರುತ್ತದೆ. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಒಂದು ಪಾಠ ತೋರಿಸಿದಳು. ಕೊಲೆಯಾದ ಮನೆ, ಸುತ್ತ ಹಳದಿ ಪಟ್ಟಿ. ಬಿಳಿ ಬಟ್ಟೆ ತೊಟ್ಟವರು ಒಂದೊಂದು ಕೂದಲನ್ನೂ ಚಿಮಟದಿಂದ ಎತ್ತಿ ಚೀಲಕ್ಕೆ ಹಾಕುತ್ತಿದ್ದರು.

“ಇದ್ರಾಗ ಕಸ ಹೊಡಿಯಾಕಿ ಎಲ್ಲದಾಳ?” ಎಂದು ಕೇಳಿದೆ.

“ಕಸ ಹೊಡಿಯಾಕಿ ಯಾಕ ಇರ್ತಾಳ ನಾನಿ ಇದ್ರಾಗ?” ಎಂದು ನಕ್ಕಳು.

ಯಾಕಿರುತ್ತಾಳೆ ಎಂದು ಅವಳಿಗೆ ಹೇಳುವ ಹೊತ್ತಿಗೆ ಎರಡು ರೊಟ್ಟಿ ಸೀದುಹೋದವು. ಅವಳ ಜೊತೆ ಓದುವವರೂ ಕೇಳಲಿ ಎಂದು ಈಗ ಬರೆದಿಡುತ್ತಿದ್ದೇನೆ. ಪೊಲೀಸು, ಕೋರ್ಟು, ಜೈಲು ಎಂದು ಕೆಲಸಕ್ಕೆ ಸೇರಬೇಕೆಂದಿರುವ ಮಕ್ಕಳು ಇದನ್ನೂ ಒಂದು ಪಾಠ ಎಂದು ಓದಿಕೊಳ್ಳಲಿ. ಬೇಡವಾದರೆ ಬಿಡಲಿ.

ಪೊಲೀಸ್ ಠಾಣೆಯಲ್ಲಿ ಇಪ್ಪತ್ತಾರು ವರ್ಷ ಕಸ ಗುಡಿಸಿದೆ. ಯಾವ ಠಾಣೆ ಎಂದು ಬರೆಯುವುದಿಲ್ಲ. ಕುರುಗೋಡಿನ ನನ್ನ ಮನೆಯಿಂದ ಸಿರುಗುಪ್ಪದ ಕಡೆಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ, ಅಷ್ಟು ಸಾಕು. ನನ್ನ ಗಂಡ ಗಾದಿ ಹೊಲಿಯುವವನು. ಠಾಣೆಯ ಗಾದಿ ಹೊಲಿಯಲು ಹೋದವನು ನನಗೆ ಈ ಕೆಲಸ ಕೇಳಿಕೊಂಡು ಬಂದ. ನಾನು ಕಲಿತದ್ದು ನಾಲ್ಕನೇ ತರಗತಿ. ಠಾಣೆಯಲ್ಲಿ ಹೆಣ್ಣು ಪೊಲೀಸರಿಲ್ಲದ ಕಾಲವದು. ಯಾರಾದರೂ ಹೆಂಗಸನ್ನು ಹಿಡಿದು ತಂದರೆ ಅವಳ ಜೊತೆ ಕೂಡುವುದು, ಸೆರಗು ತುರುಬು ಬಿಚ್ಚಿಸಿ ನೋಡುವುದು ಕೂಡ ನನ್ನ ಪಾಲಿಗೇ ಬರುತ್ತಿತ್ತು. ಕಸಬರಿಗೆ ಕೆಳಗಿಟ್ಟು ತಪಾಸಣೆ ಮಾಡುವುದು, ತಪಾಸಣೆ ಮುಗಿದರೆ ಕಸಬರಿಗೆ ಎತ್ತಿಕೊಳ್ಳುವುದು.

ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ಕಳ್ಳಭಟ್ಟಿ ಕೇಸಿನಲ್ಲಿ ಹಿಡಿದು ತಂದ ಬೆಲ್ಲ ಒಂದು ಗೋಣಿಚೀಲ ಇತ್ತು. ಕೋರ್ಟಿಗೆ ತೋರಿಸಬೇಕಾದ ಇಂಥ ಸಾಮಾನಿಗೆ ಠಾಣೆಯಲ್ಲಿ ಮುದ್ದೆಮಾಲು ಎನ್ನುತ್ತಾರೆ. ನನಗೆ ಆಗ ಅದು ಬರೀ ಬೆಲ್ಲ, ಇರುವೆ ಮುತ್ತಿದ ಬೆಲ್ಲ. ಅಂಗಳದಲ್ಲಿ ಚೀಲ ಹಾಸಿ ಬಿಸಿಲಿಗೆ ಹಾಕಿದೆ. ಒಳಗೆ ಹೋಗಿ ಬರುವಷ್ಟರಲ್ಲಿ ಎದುರು ಮನೆಯ ಆಕಳು ಅರ್ಧ ತಿಂದಿತ್ತು. ರೈಟರ್ ಬಸಣ್ಣ ತಲೆಯ ಮೇಲೆ ಕೈ ಹೊತ್ತು ಕೂತರು. ರೈಟರ್ ಎಂದರೆ ಠಾಣೆಯ ಬರವಣಿಗೆಯನ್ನೆಲ್ಲ ನೋಡುವ ಹೆಡ್ ಕಾನ್‌ಸ್ಟೇಬಲ್. ಮುದ್ದೆಮಾಲಿನ ಕೋಣೆಯ ಕೀಲಿಯೂ ಅವರ ಸೊಂಟದಲ್ಲೇ ಇರುತ್ತಿತ್ತು.

“ಪಂಚನಾಮಿ ಬರೀಬೇಕಲ್ಲ ಈಗ. ಹೊನ್ನೂರಮ್ಮ, ಆಕಳ ಹೆಸರೇನು?”

“ಲಕ್ಷ್ಮೀ ಅಂತ ಕರೀತಾರ್ರಿ.”

“ತಂದಿ ಹೆಸರು?”

ಕಾನ್‌ಸ್ಟೇಬಲ್ಲುಗಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬಸಣ್ಣ ನಗಲಿಲ್ಲ. ಆಕಳು ತಿಂದದ್ದನ್ನು ಇಬ್ಬರು ಪಂಚರ ಸಹಿ ಹಾಕಿಸಿ ಬರೆದೇಬಿಟ್ಟರು. ಆಮೇಲೆ ನನ್ನನ್ನು ಕರೆದು, ಮುದ್ದೆಮಾಲಿನ ಕೋಣೆಯ ಹೊಸ್ತಿಲು ದಾಟಬೇಡ ಎಂದರು. ದಾಟಲಿಲ್ಲ. ಆದರೆ ಕೋಣೆಯಲ್ಲಿ ಹಿಡಿಸದ ಸಾಮಾನುಗಳು ಅಂಗಳದಲ್ಲಿ, ಬೇವಿನ ಮರದ ಕೆಳಗೆ, ವರಾಂಡದ ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಅವುಗಳನ್ನು ಮುಟ್ಟಬೇಡ ಎಂದು ಯಾರೂ ಹೇಳಲಿಲ್ಲ.

ಆಮೇಲೆ ಗಣಿ ಜೋರಾಯಿತು. ಆ ವರ್ಷಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ, ಕಾಣದವರಿಗೆ ವಿವರಿಸಿದರೆ ನಂಬುವುದಿಲ್ಲ. ಅದಿರು ಲಾರಿಗಳು ಒಂದರ ಬಾಲಕ್ಕೊಂದು ಹತ್ತಿಕೊಂಡು ಬರುತ್ತಿದ್ದವು. ದೊಡ್ಡ ಲಾರಿಗಳು ಬಂದರಿನ ಕಡೆಗೆ, ಉಳಿದವು ಬಳ್ಳಾರಿ ಸುತ್ತಿನ ಕಬ್ಬಿಣದ ಫ್ಯಾಕ್ಟರಿಗಳಿಗೆ. ಕೊಳಗಲ್ಲು ದಾಟಿದರೆ ರಸ್ತೆ ಬದಿಯ ಜಾಲಿಗಿಡಗಳ ಎಲೆಯೂ ಕೆಂಪು. ಠಾಣೆಯ ಕೆಲಸವೇ ಬದಲಾಯಿತು. ಮೊದಲು ಹೊಲದ ಬದುವಿನ ಜಗಳ, ಭತ್ತದ ಕಳ್ಳತನ ಇರುತ್ತಿದ್ದವು. ಈಗ ದಿನ ಬೆಳಗಾದರೆ ಅಪಘಾತ. ಅಂಗಳದಲ್ಲಿ ಜಜ್ಜಿಹೋದ ಬೈಕು, ಮುರಿದ ಆಟೋ, ಸೊಟ್ಟಗಾದ ಸೈಕಲ್ಲು. ಎಲ್ಲದರ ಮೇಲೂ ಕೆಂಪು ಧೂಳು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿಂದ ಹೆಸರು ಬರೆಯಬಹುದಿತ್ತು.

ಆ ಧೂಳು ನನ್ನ ವೈರಿಯಾಯಿತು. ಒಮ್ಮೆ ಇನ್‌ಸ್ಪೆಕ್ಷನ್‌ಗೆ ಬಂದ ದೊಡ್ಡ ಸಾಹೇಬರು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಕಿಟಕಿಯ ಮೇಲೆ ಎಳೆದರು. ಕೆಂಪು ಪಟ್ಟೆ ಬಿತ್ತು. ಕರವಸ್ತ್ರವನ್ನು ಎಲ್ಲರೆದುರು ನನ್ನ ಮುಖದ ಹತ್ತಿರ ಹಿಡಿದು, “ಇದೇನು, ಕುಂಕುಮನಾ?” ಎಂದರು. ನಾನು ಆಗ ದಿನಗೂಲಿಯವಳು. ಕಾಯಂ ಮಾಡುವ ಕಾಗದ ಬಳ್ಳಾರಿಯ ಕಚೇರಿಯಲ್ಲಿ ಇತ್ತು. ಆ ಕಾಗದ ಇವರ ಮೇಜಿಗೇ ಹೋಗಬೇಕು ಎಂದು ಬಸಣ್ಣ ಹೇಳಿದ್ದರು. ಅಂದಿನಿಂದ ಹೋದಲ್ಲೆಲ್ಲ ಒರೆಸುತ್ತಿದ್ದೆ. ಮನೆಯಲ್ಲಿ ಉಣ್ಣುವ ಗಂಗಾಳವನ್ನು ಎರಡೆರಡು ಸಲ ಒರೆಸುವುದನ್ನು ಕಂಡು ನನ್ನ ಗಂಡ, “ಇನ್‌ಸ್ಪೆಕ್ಷನ್ ಐತೇನು ಅನ್ನಕ್ಕ?” ಎಂದು ಹಂಗಿಸುತ್ತಿದ್ದ.

ಮುಂದಿನ ಇನ್‌ಸ್ಪೆಕ್ಷನ್‌ಗೆ ನಾಲ್ಕು ದಿನ ಇರುವಾಗ ಕಾಲುವೆ ಸೇತುವೆಯ ಹತ್ತಿರ ಒಂದು ಅಪಘಾತವಾಯಿತು. ಬೆಳಗಿನ ಹೊತ್ತು. ಸಿರಿಗೇರಿಯ ವೀರೇಶ ಎಂಬುವನು ಕೂಲಿಗೆ ಸೈಕಲ್ ಮೇಲೆ ಹೊರಟಿದ್ದ. ಹಿಂದಿನಿಂದ ಲಾರಿ ಹೊಡೆದು ಸತ್ತ. ಜನ ಓಡಿಬಂದಾಗ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವನು ಹಚ್ಚೊಳ್ಳಿಯ ಲಾರಿ ಡ್ರೈವರ್ ಮಾರೆಪ್ಪ. ಅವನ ಭತ್ತದ ಲಾರಿ ಅಲ್ಲೇ ನಿಂತಿತ್ತು. ಜನ ಅವನನ್ನು ಹೊಡೆದು ಠಾಣೆಗೆ ತಂದರು. ಹುಬ್ಬು ಒಡೆದಿತ್ತು. ನಾನೇ ನೀರು ಕೊಟ್ಟೆ.

“ನಾ ಹೊಡದಿಲ್ರಿ. ಅದಿರು ಲಾರಿ ಹೊಡದು ಹೋತು. ನಾ ಹಿಂದ ಬರ್ತಿದ್ದೆ, ನಿಲ್ಸಿ ಎತ್ತೀನಿ,” ಎಂದು ಅವನು ಅದನ್ನೇ ಹೇಳುತ್ತಿದ್ದ.

“ಎಲ್ಲಾರೂ ಅದಿರು ಲಾರಿ ಅಂತಾರ. ಅದೊಂದು ದೆವ್ವ ಆಗೈತಿ ಈಗ,” ಎಂದರು ಸರ್ಕಲ್ ಸಾಹೇಬರು. ಆ ಸುತ್ತಿನ ಠಾಣೆಗಳಿಗೆಲ್ಲ ಅವರೇ ಮೇಲಿನವರು. ಮಾರೆಪ್ಪನ ಲಾರಿಯ ಮುಂಭಾಗದಲ್ಲಿ ಒಂದು ತಗ್ಗು ಇತ್ತು. ಹಳೆಯದೋ ಹೊಸದೋ ಯಾರು ಹೇಳಬೇಕು? ಕೇಸಾಯಿತು. ಜಾಮೀನು ಸಿಕ್ಕಿತು, ಆದರೆ ಲೈಸೆನ್ಸ್ ಠಾಣೆಯಲ್ಲಿ ಉಳಿಯಿತು. ಲಾರಿಯ ಮಾಲೀಕ ಬೇರೆ ಡ್ರೈವರನ್ನು ಇಟ್ಟುಕೊಂಡ.

ವೀರೇಶನ ಸೈಕಲ್ಲನ್ನು ವರಾಂಡದ ಮೂಲೆಗೆ ಒರಗಿಸಿದ್ದರು. ಹಿಂದಿನ ಚಕ್ರ ಮಡಚಿಕೊಂಡಿತ್ತು. ಇನ್‌ಸ್ಪೆಕ್ಷನ್‌ನ ಹಿಂದಿನ ದಿನ ನಾನು ನೆಲ, ಗೋಡೆ, ಕಿಟಕಿ, ಬೇವಿನ ಮರದ ಕಟ್ಟೆ ಎಲ್ಲ ತೊಳೆದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಆ ಸೈಕಲ್ಲು. ಬಿಳಿ ಕರವಸ್ತ್ರ ನೆನಪಾಯಿತು. ಬಕೆಟ್ಟು ತಂದೆ. ಮೇಲಿನ ಧೂಳು ಒಂದೇ ಸಲ ಒರೆಸಿದ್ದಕ್ಕೆ ಬಂತು. ಹಿಂದಿನ ಮಡ್‌ಗಾರ್ಡಿಗೆ ಒಂದು ಹೆಂಟೆಯಂಥದ್ದು ಹತ್ತಿತ್ತು, ಅದು ಬರಲಿಲ್ಲ. ತೆಂಗಿನ ಚಿಪ್ಪಿನಿಂದ ಕೆರೆದೆ. ಸೀಮೆಎಣ್ಣೆ ಹಚ್ಚಿ ತಿಕ್ಕಿದೆ. ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿದೆ. ಸಾಹೇಬರು ಬಂದರು, ಹೋದರು, ಕರವಸ್ತ್ರ ತೆಗೆಯಲಿಲ್ಲ. ನನಗೆ ಗೆದ್ದಷ್ಟು ಖುಷಿಯಾಯಿತು.

ಮರುದಿನ ಬ್ರೇಕ್ ಇನ್‌ಸ್ಪೆಕ್ಟರ್ ಬಂದರು. ಅಪಘಾತದ ಗಾಡಿಗಳನ್ನು ನೋಡಿ ವರದಿ ಬರೆಯುವ ಅಧಿಕಾರಿಗೆ ಹಾಗೆನ್ನುತ್ತಾರೆ. ಲಾರಿ ನೋಡಿದರು, ಸೈಕಲ್ ನೋಡಿದರು, ಚಕ್ರ ಮಡಚಿದೆ, ಬೇರೆ ಗುರುತಿಲ್ಲ ಎಂದು ಬರೆದುಕೊಂಡು ಹೋದರು. ಚಾರ್ಜ್‌ಶೀಟು ಸಿರುಗುಪ್ಪದ ಕೋರ್ಟಿಗೆ ಹೋಯಿತು.

ಅದಾದ ಮೇಲೆ ನಮ್ಮ ಠಾಣೆಗೆ ಸುಧಾ ಮೇಡಂ ಸಬ್ ಇನ್‌ಸ್ಪೆಕ್ಟರಾಗಿ ಬಂದರು. ಬಳ್ಳಾರಿಯ ವೈಷ್ಣವರ ಮನೆಯವರು, ತಂದೆ ಎಲ್ಲೋ ಗುಮಾಸ್ತರು. ಮೇಡಂಗೆ ಆಗಿನ್ನೂ ಮದುವೆಯಾಗಿರಲಿಲ್ಲ. ನಾನು ಕಂಡ ಮೇಲಿನವರಲ್ಲಿ ಬೈಯದೆ ಕೆಲಸ ತೆಗೆದುಕೊಂಡವರು ಅವರೊಬ್ಬರೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೈಯುತ್ತಿದ್ದರು, ಆದರೆ ಬೈದ ಮೇಲೆ ಕಾರಣ ಹೇಳುತ್ತಿದ್ದರು.

ರಜೆಗೆ ಬಳ್ಳಾರಿಗೆ ಹೋದಾಗ ಅವರು ಇಂಟರ್‌ನೆಟ್ ಸೆಂಟರಿನಲ್ಲಿ ಕೂಡುತ್ತಿದ್ದರಂತೆ. ಒಂದು ಪುಟ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು ಎನ್ನುತ್ತಿದ್ದರು. ಹೊರದೇಶದ ಕಾಲೇಜುಗಳು ಅಪರಾಧದ ಪಾಠಗಳನ್ನು ಅಲ್ಲಿ ಹಾಕಿರುತ್ತಿದ್ದವು. ದೊಡ್ಡ ಕೋರ್ಟುಗಳ ತೀರ್ಪುಗಳು ಕೂಡ. ಅವನ್ನು ಪ್ರಿಂಟು ತೆಗೆಸಿ, ಕಚೇರಿಯ ಟ್ಯಾಗು ದಾರದಲ್ಲಿ ಕಟ್ಟಿ ತರುತ್ತಿದ್ದರು. ಬೆಳಿಗ್ಗೆ ಹಾಜರಿ ಆದ ಮೇಲೆ ಕಾನ್‌ಸ್ಟೇಬಲ್ಲುಗಳನ್ನು ಕೂರಿಸಿ ಕನ್ನಡದಲ್ಲಿ ಹೇಳುತ್ತಿದ್ದರು. ಸರ್ಕಲ್ ಸಾಹೇಬರು ಅವರಿಗೆ ‘ಇಂಟರ್‌ನೆಟ್ಟಮ್ಮ’ ಎಂದು ಹೆಸರಿಟ್ಟಿದ್ದರು. ಕಾನ್‌ಸ್ಟೇಬಲ್ಲುಗಳು ತೂಕಡಿಸುತ್ತಿದ್ದರು. ಕೇಳುತ್ತಿದ್ದವಳು ಬಾಗಿಲ ಬಳಿ ಕಸ ಗುಡಿಸುತ್ತಿದ್ದ ನಾನು.

ಒಂದು ದಿನ ಮೇಡಂ ಒಂದು ಚಿತ್ರ ಎತ್ತಿ ತೋರಿಸಿದರು. ಕಾರಿನ ಮುಂಭಾಗ, ಅದಕ್ಕೆ ಹತ್ತಿದ ಬೇರೊಂದು ಬಣ್ಣದ ಗೆರೆ.

“ಎರಡು ಸಾಮಾನು ಒಂದಕ್ಕೊಂದು ಬಡದ್ರ, ಇದರದ್ದು ಅದಕ್ಕ ಹತ್ತತದ, ಅದರದ್ದು ಇದಕ್ಕ ಹತ್ತತದ. ಬಣ್ಣ ಇರಬಹುದು, ಮಣ್ಣು ಇರಬಹುದು, ಗ್ರೀಸು ಇರಬಹುದು. ಯಾವ ಗಾಡಿ ಹೊಡೀತು ಅನ್ನೋದು ಅದ್ರಾಗ ಇರ್ತದ. ಅದಕ್ಕ ಯಾರೂ ಮುಟ್ಟಬಾರದು, ತೊಳೀಬಾರದು. ತಿಳೀತಾ?”

“ತಿಳೀತು ಮೇಡಂ,” ಎಂದು ತೂಕಡಿಸುತ್ತಿದ್ದವರು ಒಟ್ಟಿಗೆ ಹೇಳಿದರು.

ನನ್ನ ಕೈ ನಿಂತಿತು. ತೆಂಗಿನ ಚಿಪ್ಪಿನಿಂದ ಕೆರೆದ ಆ ಹೆಂಟೆ ಕಣ್ಣೆದುರು ಬಂತು. ಅದರಲ್ಲಿ ಹಸಿರು ಬಣ್ಣದ ಚಕ್ಕೆಗಳಿದ್ದವು. ಮಾರೆಪ್ಪನ ಲಾರಿ ಕೇಸರಿ.

ಅಂದಿನಿಂದ ಬಸ್ಸಿನಲ್ಲಿ ಯಾರಾದರೂ ಪೊಲೀಸರು ಹತ್ತಿದರೆ ನನ್ನನ್ನೇ ಹಿಡಿಯಲು ಬಂದರೇನೋ ಎಂದು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಅವರೆಲ್ಲ ದಿನಾ ನನ್ನ ಕೈಯ ಚಹಾ ಕುಡಿಯುವವರೇ. ನಾಲ್ಕು ದಿನ ತಡೆದು ಬಸಣ್ಣನ ಮುಂದೆ ಬಾಯಿ ಬಿಟ್ಟೆ. ಅವರು ಬರೆಯುತ್ತಿದ್ದ ಪೆನ್ನು ಮುಚ್ಚಿಟ್ಟರು. ಬಾಗಿಲ ಕಡೆ ನೋಡಿದರು.

“ಯಾರಿಗರ ಹೇಳೀಯೇನು?”

“ಇಲ್ರಿ.”

“ಹೇಳಬ್ಯಾಡ. ಆ ಸಾಮಾನು ನನ್ನ ಚಾರ್ಜಿನ್ಯಾಗಿತ್ತು. ನೀ ತೊಳದಿ ಅಂದ್ರ ನಾ ಎಲ್ಲಿದ್ದೆ ಅಂತ ಕೇಳ್ತಾರ. ನನ್ನ ಸರ್ವೀಸಿಗೆ ಕಪ್ಪು ಬೀಳ್ತೈತಿ, ನಿನ್ನ ಕಾಯಂ ಕಾಗದ ಹರಿದು ಒಗೀತಾರ. ಇಬ್ರೂ ಹೋಕ್ಕೀವಿ. ಬಾಯಿ ಮುಚ್ಗೊಂಡು ಕಸ ಹೊಡಿ.”

“ಆ ಡ್ರೈವರ್ರಿ?”

“ಆ ಡ್ರೈವರ್ ನಿಮ್ಮ ಅಣ್ಣೇನು?”

ಬಸಣ್ಣ ಕೆಟ್ಟವರಲ್ಲ. ಹೆದರಿದ ಮನುಷ್ಯ ಹಾಗೇ ಮಾತಾಡುತ್ತಾನೆ. ನಾನೂ ಹೆದರಿದ್ದೆ, ಅದಕ್ಕೇ ಅವರ ಮಾತು ಹಿತವೆನಿಸಿತು. ಬಾಯಿ ಮುಚ್ಚಿಕೊಂಡು ಕಸ ಗುಡಿಸಿದೆ. ಒಂದು ತಿಂಗಳೇ ಆಯಿತೇನೋ.

ಮಾರೆಪ್ಪ ಕೋರ್ಟಿನ ತಾರೀಕು ತಿಳಿದುಕೊಳ್ಳಲು ಠಾಣೆಗೆ ಬರುತ್ತಿದ್ದ. ಬೇವಿನ ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಿದ್ದ. ನಾನು ಚೊಂಬು ಕೊಟ್ಟು ಅವನ ಮುಖ ನೋಡದೆ ಒಳಗೆ ಬರುತ್ತಿದ್ದೆ. ಒಂದು ದಿನ ಅವನೇ ನಿಲ್ಲಿಸಿದ.

“ಅವ್ವಾ, ಈ ತಾರೀಕಿಗೆ ಒಪ್ಗೊಂಡು ಬಿಡ್ತೀನಿ.”

“ಏನು ಒಪ್ಗೊಂತಿ?”

“ನಾನಾ ಹೊಡದೀನಿ ಅಂತ. ತಿರಗಿ ತಿರಗಿ ಸಾಕಾಗೈತಿ. ಒಪ್ಗೊಂಡ್ರ ಶಿಕ್ಷಾ ಕಡಿಮಿ ಮಾಡ್ತಾರ ಅಂತ ಹೇಳ್ಯಾರ ಯಾರೋ. ಹೆಂಗೂ ಊರಾಗ ಕೊಲೆಗಾರ ಅಂತಾನ ಕರೀತಾರ. ಸಾಲ್ಯಾಗ ನನ್ನ ಮಗಳ ಪಕ್ಕ ಯಾರೂ ಕುಂದ್ರವಲ್ರು.”

“ತಾರೀಕು ಯಾವತ್ತು?”

“ಬರೋ ಸೋಮವಾರ.”

ಅದು ಗುರುವಾರ. ಚೊಂಬನ್ನು ಅವನ ಕೈಯಲ್ಲೇ ಬಿಟ್ಟು ಸೀದಾ ಮೇಡಂ ಕೋಣೆಗೆ ಹೋದೆ. ಬಸಣ್ಣ ತಮ್ಮ ಮೇಜಿನಿಂದ ನೋಡುತ್ತಿದ್ದರು. ಬಾಗಿಲು ಹಾಕಿಕೊಂಡೆ. ಹದಿನೈದು ವರ್ಷದಲ್ಲಿ ಆ ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿದ್ದು ಅದೇ ಮೊದಲು.

ಎಲ್ಲ ಹೇಳಿದೆ. ಮೇಡಂ ಕೈಯಲ್ಲಿದ್ದ ಫೈಲನ್ನು ಮೇಜಿಗೆ ಕುಕ್ಕಿದರು.

“ಏನ್ ಮಾಡೀರಿ ಹೊನ್ನೂರಮ್ಮ! ಇದೊಂದೇ ಇತ್ತು ಆ ಮನುಷ್ಯಗ!”

“ಗೊತ್ತಿರ್ಲಿಲ್ಲ ಅಮ್ಮಾರ.”

“ಗೊತ್ತಾದ ಮ್ಯಾಲೆ ಒಂದು ತಿಂಗಳು ಏನ್ ಮಾಡಿದ್ರಿ?”

“ಕಸ ಹೊಡದೆ ಅಮ್ಮಾರ.”

ಸಿಟ್ಟು ಇಳಿದ ಮೇಲೆ ಅವರು ಕೇಳತೊಡಗಿದರು. ಹೆಂಟೆ ಎಷ್ಟು ದೊಡ್ಡದಿತ್ತು, ಒಣಗಿತ್ತೋ ಹಸಿಯೋ, ಏನು ಬಣ್ಣ. ನಾನು ಅದು ಅದಿರಿನ ಕೆಸರು, ಗ್ರೀಸಿನಲ್ಲಿ ಕಲಸಿದಂತಿತ್ತು, ಒಳಗೆ ಹಸಿರು ಚಕ್ಕೆ ಇದ್ದವು ಎಂದೆ.

“ಅದಿರು ಅಂತ ಹೆಂಗ್ ಹೇಳ್ತೀರಿ? ಈ ರಸ್ತೆ ತುಂಬ ಕೆಂಪು ಮಣ್ಣೇ ಅಲ್ಲಾ?”

“ರಸ್ತಿ ಧೂಳು ಹಗುರ ಅಮ್ಮಾರ, ಊದಿದ್ರ ಹೋಕ್ಕತಿ. ಅದಿರು ಭಾರ. ಬಕೆಟ್ಟಿನ್ಯಾಗ ತಳಕ್ಕ ಕುಂದರ್ತೈತಿ, ಮಿಂಚತೈತಿ. ಉಗುರಿನ್ಯಾಗ ಹೊಕ್ರ ಮೂರು ದಿನ ಬರಾಂಗಿಲ್ಲ.”

ಮೇಡಂ ನನ್ನ ಉಗುರುಗಳನ್ನು ನೋಡಿದರು. ಮರುದಿನ ಒಬ್ಬ ಕಾನ್‌ಸ್ಟೇಬಲ್ಲನ್ನು ಕಳಿಸಿ ಐದು ಕಡೆಯ ಧೂಳು ತರಿಸಿದರು. ಇದೂ ಅವರ ಪ್ರಿಂಟಿನಲ್ಲಿ ಇತ್ತಂತೆ. ಒಬ್ಬರು ಗುರುತಿಸುತ್ತೇನೆ ಎಂದರೆ ಯಾವುದು ಏನು ಎಂದು ಹೇಳದೆ ಪರೀಕ್ಷೆ ಮಾಡಬೇಕಂತೆ. ಐದು ಸಾಸರಿನಲ್ಲಿ ಹಾಕಿ, ನನ್ನ ಸೆರಗಿನಿಂದಲೇ ನನ್ನ ಕಣ್ಣು ಕಟ್ಟಿಸಿದರು. ಠಾಣೆಯವರೆಲ್ಲ ಸುತ್ತ ನಿಂತರು.

“ಹೊನ್ನೂರಮ್ಮ ಮದಿವಿ ಹುಡುಗಿ ಆಗ್ಯಾಳ ನೋಡ್ರಲೇ,” ಎಂದು ಒಬ್ಬ ಅಂದ.

“ನಿಮ್ಮವ್ವಗ ಹೇಳು ಹೋಗಲೇ,” ಎಂದೆ. ಮೊದಲ ಸಾಸರಿಗೆ ಕೈ ಹಾಕಿದೆ. ಗಂಟಲು ಕೆರೆಯಿತು. “ಅಕ್ಕಿ ಗಿರಣಿ ತೌಡು.” ಎರಡನೆಯದು ಮೆತ್ತಗೆ, ಬೂದಿ. “ಇಟ್ಟಂಗಿ ಭಟ್ಟಿ.” ಮೂರನೆಯದು ಎಣ್ಣೆ ಜಿಡ್ಡು ಹತ್ತಿತು. “ಕಬ್ಬಿಣ ಫ್ಯಾಕ್ಟರಿ ಮಸಿ.” ನಾಲ್ಕನೆಯದು ರಸ್ತೆಯದು. ಐದನೆಯದನ್ನು ಚಿಟಿಕೆಯಲ್ಲಿ ಎತ್ತಿದ ಕೂಡಲೇ ತೂಕ ತಿಳಿಯಿತು.

ಐದೂ ಸರಿಯಾಗಿದ್ದವು. ಯಾರೂ ನಗಲಿಲ್ಲ. ಮೇಡಂ ಆ ಮಧ್ಯಾಹ್ನವೇ ನನ್ನ ಹೇಳಿಕೆ ಬರೆದುಕೊಂಡರು. ಓದಿ ಹೇಳಿದರು, ನಾನು ನನ್ನ ಹೆಸರು ಬರೆದೆ. ಮಾರೆಪ್ಪನ ವಕೀಲರಿಗೆ ಸುದ್ದಿ ಮುಟ್ಟಿತು. ಸೋಮವಾರ ಅವನು ಏನನ್ನೂ ಒಪ್ಪಿಕೊಳ್ಳಲಿಲ್ಲ.

ಈಗ ರೇಷ್ಮಾಳ ಮೊಬೈಲಿನ ಪಾಠದಲ್ಲಿ ಒಂದು ಮಾತು ಬರುತ್ತದೆ. ಸಿಕ್ಕ ಸಾಮಾನು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆಯುತ್ತ ಹೋಗಬೇಕಂತೆ. ಒಳ್ಳೆಯ ಪಾಠ. ಆ ಸೈಕಲ್ಲಿನ ಹಾಳೆಯಲ್ಲಿ ಪೇದೆಯ ಹೆಸರಿತ್ತು, ಬಸಣ್ಣನ ಹೆಸರಿತ್ತು, ಬ್ರೇಕ್ ಇನ್‌ಸ್ಪೆಕ್ಟರರ ಹೆಸರಿತ್ತು. ಎಲ್ಲರಿಗಿಂತ ಹೆಚ್ಚು ಅದನ್ನು ಮುಟ್ಟಿದವಳ ಹೆಸರು ಇರಲಿಲ್ಲ. ಮಕ್ಕಳೇ, ನೀವು ಠಾಣೆಗೋ ಪ್ರಯೋಗಾಲಯಕ್ಕೋ ಕೆಲಸಕ್ಕೆ ಸೇರಿದ ಮೊದಲ ದಿನ ಕಸ ಗುಡಿಸುವವರನ್ನು ಕೂರಿಸಿಕೊಂಡು ಆ ಪಾಠವನ್ನು ಅವರ ಭಾಷೆಯಲ್ಲಿ ತೋರಿಸಿ. ಅವರು ಏನೇನು ಒರೆಸಿದ್ದಾರೆ ಎಂದು ಬೈಯದೆ ಕೇಳಿ. ಬೈದರೆ ಹೇಳುವುದಿಲ್ಲ. ನಾನು ಒಂದು ತಿಂಗಳು ಹೇಳಲಿಲ್ಲ.

ಸರ್ಕಲ್ ಸಾಹೇಬರು ಬಂದು ಕೂಗಾಡಿದರು. “ಕಸ ಹೊಡಿಯಾಕಿ ಮಾತು ಕೇಳಿ ನನ್ನ ಕೇಸು ಕೆಡಸ್ತೀರೇನ್ರಿ?” ಎಂದು ಮೇಡಂಗೆ ಅಂದದ್ದು ಅಂಗಳದವರೆಗೂ ಕೇಳಿತು. ನನಗೆ ನೋಟಿಸ್ ಬಂತು. ಬಸಣ್ಣನಿಗೂ ಬಂತು. ಅವರು ನಿವೃತ್ತಿಯಾಗುವವರೆಗೂ ನನ್ನ ಜೊತೆ ಮಾತಾಡಲಿಲ್ಲ, ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ನನ್ನ ಕಾಯಂ ಕಾಗದ ಹರಿಯಲಿಲ್ಲ, ಆದರೆ ಬಹಳ ವರ್ಷ ಎದ್ದು ಬರಲೂ ಇಲ್ಲ. ಮೇಡಂ ಕೋರ್ಟಿನ ಕೆಲಸ ಮುಗಿಯುವ ಮೊದಲೇ ವರ್ಗವಾದರು. ಹೋಗುವಾಗ ಆ ಪ್ರಿಂಟುಗಳ ಕಟ್ಟನ್ನು ಠಾಣೆಗೇ ಬಿಟ್ಟು ಹೋದರು. ಹೊಸದಾಗಿ ಬಂದವರು ಅದರ ಹಾಳೆಗಳಲ್ಲಿ ಮಿರ್ಚಿ ಕಟ್ಟಿಸಿಕೊಂಡು ತಿಂದರು.

ಸಾಕ್ಷಿ ಹೇಳಲು ಸಿರುಗುಪ್ಪದ ಕೋರ್ಟಿಗೆ ಹೋದೆ. ಠಾಣೆಯಲ್ಲಿ ಅಷ್ಟು ವರ್ಷ ಇದ್ದರೂ ಕಟಕಟೆಯಲ್ಲಿ ನಿಂತದ್ದು ಅದೇ ಮೊದಲು. ಕಟಕಟೆಯ ಕಟ್ಟಿಗೆಯ ಮೇಲೆ ಧೂಳಿತ್ತು. ಕೈ ತಾನಾಗಿ ಸೆರಗಿಗೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಎದುರಿನ ಬೆಂಚಿನ ಮೇಲೆ ವೀರೇಶನ ಹೆಂಡತಿ ಈರಮ್ಮ ಕೂತಿದ್ದಳು. ಮಾರೆಪ್ಪನ ವಕೀಲರು ಕೇಳಿದ್ದಕ್ಕೆಲ್ಲ ಹೇಳಿದೆ. ಆಮೇಲೆ ಸರ್ಕಾರಿ ವಕೀಲರು ಎದ್ದರು.

“ಎಷ್ಟು ಓದೀಯಮ್ಮ?”

“ನಾಕನೇ ಕ್ಲಾಸ್ರಿ.”

“ಧೂಳಿನ ವಿಷಯ ಎಲ್ಲಿ ಓದಿದಿ?”

“ಓದಿಲ್ರಿ. ಒರಸೀನಿ.”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ತಲೆ ಎತ್ತಿದ ಕೂಡಲೇ ನಿಲ್ಲಿಸಿದರು.

“ಆ ಹಸಿರು ಚಕ್ಕಿ ಈಗ ಎಲ್ಲವ?”

“ಚರಂಡ್ಯಾಗ ಹೋಗ್ಯಾವ್ರಿ.”

“ಅಂದ್ರ ನೀನಾ ಸಾಕ್ಷ್ಯ ನಾಶ ಮಾಡಿದಿ. ಇದಕ್ಕ ಶಿಕ್ಷಾ ಐತಿ, ಗೊತ್ತೈತಿಲ್ಲೋ?”

ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಗೊತ್ತೈತ್ರಿ. ತೊಳದಾಕಿ ನಾನಾ. ಅದಕ್ಕ ಅದ್ರ ಮ್ಯಾಲೆ ಏನಿತ್ತು ಅಂತ ನನಗ ಬಿಟ್ರ ಬ್ಯಾರೆ ಯಾರಿಗೂ ಗೊತ್ತಿಲ್ರಿ.”

ನ್ಯಾಯಾಧೀಶರು ಆ ಮಾತನ್ನು ಟೈಪಿಸ್ಟಿಗೆ ನಿಧಾನವಾಗಿ ಹೇಳಿ ಬರೆಸಿದರು.

ತೀರ್ಪಿನ ದಿನ ನನ್ನನ್ನು ಯಾರೂ ಕರೆದಿರಲಿಲ್ಲ. ಮನೆಯಲ್ಲಿ ಕೂಡಲಾಗದೆ ಹೋದೆ. ಭತ್ತದ ಲಾರಿಯೇ ಹೊಡೆದದ್ದು ಎನ್ನಲು ಸಂಶಯಕ್ಕೆ ಎಡೆಯಿಲ್ಲದಂಥ ಪುರಾವೆ ಇಲ್ಲ ಎಂದು ನ್ಯಾಯಾಧೀಶರು ಮಾರೆಪ್ಪನನ್ನು ಬಿಟ್ಟರು. ಅವನು ಹೊರಗೆ ಬಂದು ನನ್ನನ್ನು ಕಂಡ. ಕೈ ಮುಗಿಯುತ್ತಾನೆ ಎಂದುಕೊಂಡಿದ್ದೆ.

“ಮೊದ್ಲಾ ಹೇಳಬಾರ್ದಾಗಿತ್ತೇನಬೇ?” ಎಂದು ಹೇಳಿ ಹಚ್ಚೊಳ್ಳಿಯ ಬಸ್ಸಿನ ಕಡೆಗೆ ಹೋದ. ಸರಿಯಾಗೇ ಹೇಳಿದ.

ನಾನು ಕುರುಗೋಡಿನ ಬಸ್ಸು ಹತ್ತಿದೆ. ಜನ ತುಂಬಿತ್ತು. ಒಂದೇ ಸೀಟು ಖಾಲಿ ಇತ್ತು, ಅದರ ಪಕ್ಕ ಕಿಟಕಿಗೆ ಕೂತವಳು ಈರಮ್ಮ. ಹಿಂದೆ ಸರಿಯೋಣವೆಂದರೆ ಕಂಡಕ್ಟರ್ ದಬ್ಬಿದ. “ಕುಂದರಬೇ ಅಜ್ಜಿ, ದಾರಿಗೆ ನಿಂದರಬ್ಯಾಡ.” ಕೂತೆ. ಅವಳು ನನ್ನ ಗುರುತು ಹಿಡಿದಳು. ಬಸ್ಸು ಊರು ದಾಟಿತು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

“ಹಂಗಾದ್ರ ನನ್ನ ಗಂಡನ್ನ ಕೊಂದಾವ ಯಾರು?” ಎಂದಳು, ನನ್ನ ಕಡೆ ನೋಡದೆ.

“ಗೊತ್ತಿಲ್ಲವ್ವಾ.”

“ನೀ ಅದನ್ನ ತೊಳೀದಿದ್ರ ಗೊತ್ತಾಗ್ತಿತ್ತು.”

“ಆಗಬಹುದಾಗಿತ್ತು.”

ಎದುರಿನಿಂದ ಅದಿರು ಲಾರಿಗಳು ಬರತೊಡಗಿದವು. ಟಾರ್ಪಾಲು ಹೊದ್ದವು, ಹೊದೆಯದವು, ಒಂದರ ಹಿಂದೆ ಒಂದು. ಬಸ್ಸು ಪಕ್ಕಕ್ಕೆ ಸರಿದು ದಾರಿ ಕೊಡುತ್ತಿತ್ತು. ಕಿಟಕಿಯಿಂದ ಧೂಳು ಒಳಗೆ ಬಂತು. ಎಲ್ಲರೂ ಗಾಜು ಎಳೆದರು. ಈರಮ್ಮ ಎಳೆಯಲಿಲ್ಲ.

“ಹಸರು ಅಂದೀಯಲ್ಲ ಕೋರ್ಟಿನ್ಯಾಗ. ಎಂಥಾ ಹಸರು? ಎಲಿ ಹಸರೋ, ಗಿಣಿ ಹಸರೋ?”

“ಗಿಣಿ ಹಸರು.”

“ಖರೇನಾ?”

“ಖರೇನ.”

ಅವಳು ಮುಖವನ್ನು ಕಿಟಕಿಗೆ ಹಚ್ಚಿದಳು. ಕೆಂಪು ಲಾರಿ ಹೋಯಿತು. ಕೇಸರಿ ಹೋಯಿತು. ನೀಲಿ, ಮತ್ತೆ ಕೇಸರಿ. ಧೂಳು ಅವಳ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಕೂಡುತ್ತಿತ್ತು. ಅವಳು ಕಣ್ಣು ಮುಚ್ಚಲಿಲ್ಲ. ನಾನೂ ಅವಳ ಭುಜದ ಮೇಲಿಂದ ನೋಡತೊಡಗಿದೆ.

“ಸಿರಿಗೇರಿ ಕ್ರಾಸ್! ಇಳಿಯೋರು ಬರ್ರಿ!” ಕಂಡಕ್ಟರ್ ಕೂಗಿದ. ಮತ್ತೊಮ್ಮೆ ಕೂಗಿದ. ಅವಳು ಏಳಲಿಲ್ಲ.